ಒಪ್ಪ ಮಾಡಿದ ದನಿ

ಮಕ್ತಲ್‌ನ ಗೊಬ್ಬರದಂಗಡಿಯ ಮೇಲೆ ತಿರುಪತಿ ಹಿಡಿದಿದ್ದ ಖೋಲಿಗೆ ಊರವರು ಸ್ಟುಡಿಯೋ ಎನ್ನುತ್ತಿದ್ದರು. ಹೆಸರಿಗೇನು, ಏನು ಬೇಕಾದರೂ ಇಡಬಹುದು. ಒಳಗೆ ಇದ್ದದ್ದು ಒಂದು ಹಳೆಯ ಲ್ಯಾಪ್‌ಟಾಪು, ಒಂದು ಕೀಬೋರ್ಡು, ಎರಡು ಸ್ಪೀಕರು, ಒಂದೆರಡು ಮೈಕು. ಸದ್ದು ಗೋಡೆಗೆ ಬಡಿದು ತಿರುಗಿ ಬರದಿರಲಿ ಎಂದು ನಾಲ್ಕೂ ಕಡೆ ಮೊಳೆ ಹೊಡೆದು ಕರಿ ಕಂಬಳಿ ತೂಗುಬಿಟ್ಟಿದ್ದ. ಬೇಸಿಗೆಯಲ್ಲೂ ಫ್ಯಾನು ಹಾಕುವಂತಿಲ್ಲ, ಅದರ ಗರಗರ ಮೈಕಿಗೆ ಹತ್ತುತ್ತದೆ. ಕುರಿ ಕಾಯುವ ಕುರುಮರ ಮಗ ಕುರಿ ಬಿಟ್ಟು ಇದೇನು ಹಿಡಿದ ಎಂದು ಯಾರಾದರೂ ಕೆಣಕಿದರೆ, ತಿರುಪತಿಯ ಅವ್ವ ಕುರುಮಮ್ಮ, "ಕಂಬಳಿ ಏನೂ ಬಿಟ್ಟಿಲ್ಲಲ್ಲ, ತಗೋರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ತಿರುಪತಿಯ ಕೆಲಸ ಚಿತ್ರಕ್ಕೆ ಸಂಗೀತ ಕೂಡಿಸುವುದು. ತೆರೆಯ ಮೇಲ್ಗಡೆ ವಿಡಿಯೋ ಓಡುತ್ತಿರುತ್ತದೆ, ಕೆಳಗಡೆ ಒಂದರ ಕೆಳಗೊಂದು ಬಣ್ಣದ ಪಟ್ಟಿಗಳು. ಒಂದು ಪಟ್ಟಿ ಪಿಟೀಲು, ಒಂದು ಕೊಳಲು, ಒಂದು ಹಾಡುವವರ ದನಿ. ಹುಡುಗಿಯ ಕಣ್ಣು ತುಂಬುವ ಜಾಗಕ್ಕೆ ಗುರುತು ಹಾಕಿ, ಸರಿಯಾಗಿ ಅಲ್ಲಿಗೇ ಪಿಟೀಲು ಏಳುವಂತೆ ಕೀಬೋರ್ಡಿನಲ್ಲಿ ಬಾರಿಸಬೇಕು. ಗದ್ವಾಲದ ಸೀರೆ ಅಂಗಡಿಯ ಜಾಹೀರಾತು, ಮದುವೆಯ ವಿಡಿಯೋ, ಯೂಟ್ಯೂಬಿನ ಕಿರುಚಿತ್ರ, ಹೀಗೆ ಬಂದದ್ದನ್ನೆಲ್ಲ ಮಾಡುತ್ತಿದ್ದ. ಜೂರಾಲದ ಅಣೆಕಟ್ಟಿನ ಮೇಲೆ ಓಡುವ ಪ್ರೇಮಿಗಳಿಗೆ ಅವನು ಎಷ್ಟು ಪಿಟೀಲು ಬಾರಿಸಿದ್ದಾನೋ ಆ ದೇವರು ಬೀರಪ್ಪನಿಗೇ ಗೊತ್ತು.

ಇಂಥ ವಿಡಿಯೋಗಳಲ್ಲಿ ಹಾಡು ಬರುವವರೇ ಹಾಡುತ್ತಾರೆ ಎಂದುಕೊಂಡಿರಾ? ಮದುಮಗಳ ತಂಗಿ ಹಾಡುತ್ತಾಳೆ, ಅಂಗಡಿ ಸಾಹುಕಾರನ ಅಳಿಯ ಹಾಡುತ್ತಾನೆ. ಸ್ವರ ಎತ್ತಲೋ, ತಾಳ ಎತ್ತಲೋ. ಜಾರಿದ ಸ್ವರವನ್ನು ಹಿಡಿದೆಳೆದು ಕೀಬೋರ್ಡಿನ ಸ್ವರದ ಮೇಲೆ ಕೂರಿಸುವ ಸಾಫ್ಟ್‌ವೇರ್ ತಿರುಪತಿಯ ಬಳಿ ಇತ್ತು. ಕೆಮ್ಮು, ಉಸಿರು, ಗೊಗ್ಗರು ಎಲ್ಲವನ್ನೂ ಅದು ಗುಡಿಸಿ ಹಾಕುತ್ತಿತ್ತು. ಇದಕ್ಕೆ ಅವನು ಒಪ್ಪ ಮಾಡೋದು ಎನ್ನುತ್ತಿದ್ದ. ಲ್ಯಾಪ್‌ಟಾಪು ಮುದಿಯಾಗಿತ್ತು, ಹೆಚ್ಚು ಭಾರ ಹೊರುತ್ತಿರಲಿಲ್ಲ. ಹಾಗಾಗಿ ಒಪ್ಪ ಮಾಡಿದ್ದನ್ನು ಮೊದಲಿನ ಫೈಲಿನ ಮೇಲೆಯೇ ಬರೆದುಬಿಡುವುದು ಅವನ ರೂಢಿ. ಹಳೆಯದು ಹೋಗುತ್ತದೆ, ಸರಿಯೇ ಎಂದು ಪ್ರತಿಸಲ ತೆರೆಯ ಮೇಲೆ ಒಂದು ಪೆಟ್ಟಿಗೆ ಎದ್ದು ಕೇಳುತ್ತದೆ. ಇವನು ಓದದೆಯೇ ಹೌದು ಒತ್ತುತ್ತಾನೆ. ಯಾವ ಮದುಮಗಳ ತಂಗಿ ಬಂದು ನನ್ನ ಅಪಸ್ವರ ವಾಪಸು ಕೊಡಿ ಅನ್ನುತ್ತಾಳೆ?

ಅಪ್ಪ ಬೀರಲಿಂಗಪ್ಪ ಬೀರಪ್ಪನ ಪದ ಹಾಡುವವನು. ಕೃಷ್ಣೆಯ ಈ ದಂಡೆಯ ಏಳೆಂಟು ಊರುಗಳಲ್ಲಿ ದೇವರ ಹುಟ್ಟಿನ ಪದವನ್ನು ಮೊದಲಿನಿಂದ ಕಡೆತನಕ ಬಲ್ಲವನು ಅವನೊಬ್ಬನೇ ಉಳಿದಿದ್ದ. ಪೂರ್ತಿ ಹಾಡಿದರೆ ಆರು ತಾಸು. ಡೊಳ್ಳಿಗೆ ಗೆಳೆಯ ಮೊಗುಲಪ್ಪ. ಗುಡಿಯ ಮುಂದೆ ಇವರಿಬ್ಬರು ನಿಂತರೆ ಯಾರೂ ಫೋನು ತೆಗೆಯುವಂತಿಲ್ಲ, ಆ ಕಟ್ಟು ಹಾಕಿದವನೂ ಬೀರಲಿಂಗಪ್ಪನೇ. ತಿರುಪತಿಗೆ ಪದ ಹತ್ತಲಿಲ್ಲ. ಎಂಟನೇ ವಯಸ್ಸಿಗೇ ನಾರಾಯಣಪೇಟೆಯ ಹಾರ್ಮೋನಿಯಂ ಮಾಸ್ತರರ ಕೈಗೆ ಸಿಕ್ಕಿ, ಕಿವಿ ಆ ಕಡೆಯದಾಯಿತು.

ಹೋದ ಶ್ರಾವಣದಲ್ಲಿ ಬೀರಲಿಂಗಪ್ಪನಿಗೆ ನುಂಗಲು ತ್ರಾಸಾಯಿತು. ರಾಯಚೂರಿನ ದವಾಖಾನೆಗೆ ತೋರಿಸಿದರು. ಗಂಟಲಲ್ಲಿ ಗಡ್ಡೆ ಇತ್ತು. ಡಾಕ್ಟರು ಸುತ್ತಿಬಳಸಿ ಹೇಳುವ ಮನುಷ್ಯನಲ್ಲ. "ಮಾತಾಡೋ ಪೆಟಿಗೀನ ತಗೀಬೇಕಾಗ್ತೈತಿ. ಜೀವ ಉಳೀತೈತಿ. ದನಿ ಉಳಿಯಂಗಿಲ್ಲ" ಎಂದರು.

ಮುದುಕ ಎದ್ದು ಹೊರಗೆ ಬಂದು ಬಸ್ಸು ಹತ್ತಿ ಊರಿಗೆ ಬಂದುಬಿಟ್ಟ. "ದನಿ ಹೋದ ಮ್ಯಾಲ ಜೀವ ಇಟಗೊಂಡು ಏನು ಮಾಡ್ಲಿ? ಕುರಿ ಕರೆಯಾಕೂ ಬರಂಗಿಲ್ಲ" ಎಂದು ಹಟ ಹಿಡಿದ. ಕುರುಮಮ್ಮ ಅತ್ತಳು, ಬೈದಳು, ಎರಡು ದಿನ ಒಲೆ ಹೊತ್ತಿಸಲಿಲ್ಲ. ಏನೂ ನಡೆಯಲಿಲ್ಲ. ಕಡೆಗೆ ತಿರುಪತಿ ಅಪ್ಪನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ.

"ಯಪ್ಪಾ, ಪದ ಪೂರಾ ಹಾಡು. ನಿನ್ನ ದನಿ ನಾ ಹಿಡದು ಇಡ್ತೀನಿ. ಮುಂದ ದೇವರ ಮುಂದ ಅದನ್ನ ಹಚ್ಚೋಣು. ನೀನೂ ಇರ್ತಿ, ನಿನ್ನ ದನೀನೂ ಇರ್ತೈತಿ."

ಮರುದಿನ ಬೀರಲಿಂಗಪ್ಪ ಕೇಳಿದ್ದು ಒಂದೇ ಮಾತು. "ಹೆಂಗೈತಿ ಹಂಗ ಇಡ್ತೀಯೇನು?"

"ಹೆಂಗೈತಿ ಹಂಗ ಇಡ್ತೀನಿ."

ಆ ಒಂದು ಮಾತಿನ ಮೇಲೆ ಮುದುಕ ದವಾಖಾನೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಡಾಕ್ಟರನ್ನು ನಂಬಿ ಅಲ್ಲ, ಮಗನನ್ನು ನಂಬಿ ಗಂಟಲು ಒಪ್ಪಿಸಿದ. ಇದನ್ನು ಮರೆಯಬೇಡಿ.

ಅದೇ ಹೊತ್ತಿಗೆ ತಿರುಪತಿಗೆ ಒಂದು ದೊಡ್ಡ ಕೆಲಸ ಬಂತು. ಮರಿಕಲ್ ಕಡೆಯ ಹುಡುಗಿ ಅಖಿಲಾ ಹೈದರಾಬಾದಿನಲ್ಲಿ ತನ್ನ ಮೊದಲ ಸಿನಿಮಾ ಮಾಡಿದ್ದಳು, ಕುರಿ ಕಾಯುವ ಹೆಂಗಸೊಬ್ಬಳ ಕತೆ. ಹಿನ್ನೆಲೆ ಸಂಗೀತ ಪೂರ್ತಿ ತಿರುಪತಿಗೇ ಕೊಟ್ಟಳು. ಹತ್ತು ವರ್ಷ ಮದುವೆ ವಿಡಿಯೋಕ್ಕೆ ಪಿಟೀಲು ತುಂಬಿದವನಿಗೆ ಪರದೆಯ ಮೇಲೆ ಹೆಸರು ಬರುವ ಸಿನಿಮಾ. ಅದರಲ್ಲಿ ಹಿಂಡು ಒಣಗಿದ ಹೊಳೆಯ ಮಳಲಿನಲ್ಲಿ ನಡೆದು ಹೋಗುವ ಎರಡು ನಿಮಿಷದ ದೃಶ್ಯ. ಅಲ್ಲಿಗೊಂದು ಮುದಿ ಕುರುಮನ ಹಾಡು ಬೇಕು ಎಂದಳು. ನಮ್ಮಪ್ಪನೇ ಇದ್ದಾನೆ ಎಂದ ತಿರುಪತಿ. ಅಪ್ಪನ ದನಿ ಉಳಿದ ಹಾಗೂ ಆಯಿತು, ಸಿನಿಮಾದಲ್ಲಿ ಬಂದ ಹಾಗೂ ಆಯಿತು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದ.

ನಾಲ್ಕು ದಿನ ಹಾಡಿಸಿದ. ಡೊಳ್ಳಿನ ಸದ್ದು ಹಾಡಿನ ಮೈಕಿಗೆ ಬೀಳಬಾರದೆಂದು ಮೊಗುಲಪ್ಪನನ್ನು ಹೊರಗೆ ಮಾಳಿಗೆಯ ಮೇಲೆ ಕೂರಿಸಿ, ಅಲ್ಲಿಗೆ ಬೇರೆ ಮೈಕು ಇಟ್ಟ. ಅಪ್ಪ ಒಳಗೆ ಕಂಬಳಿಗಳ ನಡುವೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಡೊಳ್ಳು ಕೇಳುತ್ತ ಹಾಡಬೇಕು. "ಇದೇನಲೇ, ನನ್ನ ಕಿಂವಿಗೆ ಎತ್ತಿನ ಕಣ್ಣಿಗೆ ಕಟ್ಟಿದಂಗ ಕಟ್ಟೀಯಲ್ಲ" ಎಂದು ಮುದುಕ ಗೊಣಗಿದ. ಆದರೂ ಹಾಡಿದ.

ಅವರ ಪದದ ಪದ್ಧತಿ ಹೀಗೆ. ಹುಲ್ಲು ಹೊತ್ತಿಸಿ ಡೊಳ್ಳಿನ ತೊಗಲನ್ನು ಕಾಯಿಸುತ್ತಾರೆ. ಕಾದ ತೊಗಲು ಬಿಗಿದು ಸ್ವರ ಏರುತ್ತದೆ. ಬಾರಿಸುತ್ತ ಬಾರಿಸುತ್ತ ಅದು ತಣ್ಣಗಾಗಿ ಸಡಿಲವಾಗುತ್ತದೆ, ಸ್ವರ ಇಳಿಯುತ್ತ ಹೋಗುತ್ತದೆ. ಹಾಡುವವನಿಗೆ ಬೇರೆ ಶ್ರುತಿಯಿಲ್ಲ, ಡೊಳ್ಳು ಇಳಿದಂತೆ ಅವನೂ ಇಳಿಯಬೇಕು. ಮತ್ತೆ ಕಾಯಿಸಿದಾಗ ಮತ್ತೆ ಏರಬೇಕು. ಬೀರಲಿಂಗಪ್ಪ ಐವತ್ತು ವರ್ಷ ಹಾಡಿದ್ದು ಹೀಗೆಯೇ. ತಿರುಪತಿ ಹುಟ್ಟಿದಾಗಿನಿಂದ ಕೇಳಿದ್ದೂ ಇದನ್ನೇ. ಆದರೆ ಹಾರ್ಮೋನಿಯಂ ಕಿವಿಗೆ ಅದು ಕೇಳಿದರೂ ಕೇಳಿಸಿರಲಿಲ್ಲ.

ನಾಲ್ಕನೆಯ ದಿನ ಪದ ಮುಗಿಯಿತು. ಗಡ್ಡೆ ಇಟ್ಟುಕೊಂಡ ಗಂಟಲು, ನಡುನಡುವೆ ನಿಂತು ನೀರು ಕುಡಿಯಬೇಕಾಗುತ್ತಿತ್ತು. ಕಡೆಯ ಸಾಲು ಹಾಡಿ ಮುದುಕ ಗೋಡೆಗೆ ಒರಗಿದ. ಹಾಡಿದ್ದು ಅದೇ ಕಡೆಯ ಸಲ ಎಂದು ಅವನಿಗೆ ಗೊತ್ತಿತ್ತು.

"ಹಚ್ಚಲೇ, ಕೇಳ್ತೀನಿ" ಎಂದ.

"ಇನ್ನೂ ಹಸಿ ಐತಿ ಯಪ್ಪಾ. ಒಪ್ಪ ಮಾಡಿ ಕೇಳಸ್ತೀನಿ" ಎಂದ ಮಗ.

ಅಲ್ಲ, ಅದೊಂದು ಸಲ ಹಚ್ಚಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಆಯಿತು ಎಂದು ಮುದುಕ ತಲೆಯಾಡಿಸಿ ಮೆಟ್ಟಿಲು ಇಳಿದ.

ಮರುದಿನ ತಿರುಪತಿ ಆ ಎರಡು ನಿಮಿಷವನ್ನು ದೃಶ್ಯಕ್ಕೆ ಕೂಡಿಸಿ, ಕೆಳಗೆ ಪಿಟೀಲು ಹಾಕಿ, ಸ್ಪೀಕರಿನ ಮುಂದೆ ಫೋನು ಹಿಡಿದು ಅಖಿಲಾಗೆ ಕೇಳಿಸಿದ. ಅವಳು ತೆಲುಗಿನಲ್ಲಿ ಮೆಲ್ಲಗೆ, ದನಿ ಚೆನ್ನಾಗಿದೆ ಅಣ್ಣಾ, ಆದರೆ ಪಿಟೀಲಿನ ಜೊತೆ ಹೊಂದುತ್ತಿಲ್ಲ, ಹಾಡು ಕೆಳಗೆ ಜಾರುತ್ತಿದೆಯಲ್ಲ ಎಂದಳು. ತಿರುಪತಿಗೆ ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು. ಏಳೆಂಟು ಊರು ಕೈಮುಗಿಯುವ ಅಪ್ಪ ಅಪಸ್ವರ ಹಾಡುತ್ತಾನೆ ಎಂದ ಹಾಗೆ ಕೇಳಿಸಿತು ಅವನಿಗೆ. ಪಿಟೀಲು ಅವನ ಕೈಯಲ್ಲೇ ಇತ್ತು. ಅದನ್ನೇ ಅಪ್ಪನ ಜೊತೆ ಇಳಿಸಬಹುದಿತ್ತು. ಆದರೆ ಆ ವಿಚಾರ ತಲೆಗೆ ಹೊಳೆಯಲೇ ಇಲ್ಲ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಎರಡು ನಿಮಿಷವನ್ನು ಒಪ್ಪ ಮಾಡಿದ. ಇಳಿದ ಸ್ವರ ಎತ್ತಿ ನಿಲ್ಲಿಸಿದ, ಗೊಗ್ಗರು ತೆಗೆದ, ಕೆಮ್ಮು ಕತ್ತರಿಸಿದ, ಉಸಿರು ಒರೆಸಿದ. ಪಿಟೀಲಿನ ಜೊತೆ ಹಚ್ಚಿ ಕೇಳಿದರೆ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷ ಚಿಕ್ಕವನಾದ ಅಪ್ಪ, ಗಂಟಲಲ್ಲಿ ಗಡ್ಡೆಯ ಸುಳಿವೇ ಇಲ್ಲ. ತಿರುಪತಿ ಹೆಡ್‌ಫೋನು ಕಳಚಿ ಕಣ್ಣು ಒರೆಸಿಕೊಂಡು, ಅದನ್ನು ಅಖಿಲಾಗೆ ಕಳಿಸಿದ. ಎರಡು ನಿಮಿಷವೇ ಯಾಕೆ, ಪದವೆಲ್ಲ ಹೀಗೇ ಇರಲಿ ಎನಿಸಿತು. ದೇವರ ಮುಂದೆ ಹಚ್ಚುವುದು, ನಾಳೆ ಮೊಮ್ಮಕ್ಕಳು ಕೇಳುವುದು, ರೋಗಿಯ ದನಿ ಯಾಕೆ ಇರಬೇಕು? ಪ್ರೀತಿಯಿಂದಲೇ ಮಾಡಿದ, ಸುಳ್ಳು ಹೇಳಬಾರದು. ಮೂರು ದಿನ ಕುಳಿತ. ನಾಲ್ಕು ದಿನದ ಹಾಡಿಗೆ ಹದಿನಾರು ಫೈಲು. ಹದಿನಾರು ಸಲ ಪೆಟ್ಟಿಗೆ ಎದ್ದು ಕೇಳಿತು, ಹದಿನಾರು ಸಲ ಹೌದು ಒತ್ತಿದ. ಆಮೇಲೆ ಜೋಪಾನವಾಗಿರಲಿ ಎಂದು ಪೆನ್‌ಡ್ರೈವಿನಲ್ಲಿ ಎರಡು ಪ್ರತಿ ತೆಗೆದು, ಒಂದನ್ನು ಅವ್ವನ ಟ್ರಂಕಿನಲ್ಲಿ ಇಟ್ಟ. ಎರಡೂ ಒಪ್ಪ ಮಾಡಿದವೇ.

ಆಪರೇಷನ್ನಿಗೆ ಇನ್ನೂ ಒಂಬತ್ತು ದಿನ ಇದ್ದವು. ಮುದುಕ ಅಂಗಳದಲ್ಲಿ ಕುಳಿತು ಮಾತಾಡುತ್ತಲೇ ಇದ್ದ, ಕುರಿಗೆ ಬೈಯುತ್ತಲೇ ಇದ್ದ. ಮಗ ಕೇಳಿದ್ದರೆ ಇನ್ನೊಂದು ಸಲ ಹಾಡುತ್ತಿದ್ದ. ಆ ಒಂಬತ್ತು ದಿನ ತಿರುಪತಿ ಸಿನಿಮಾದ ಪಿಟೀಲಿನಲ್ಲಿ ಮುಳುಗಿದ್ದ.

ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು ಕೊಟ್ಟ ಮಾತು ಉಳಿಸಿಕೊಂಡರು, ಜೀವ ಉಳಿಯಿತು. ಬೀರಲಿಂಗಪ್ಪ ಕುತ್ತಿಗೆಯಲ್ಲಿ ತೂತು, ಅದರ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದ. ಬಾಯಿ ತೆರೆದರೆ ಗಾಳಿಯೂ ಬರುತ್ತಿರಲಿಲ್ಲ. ಮೊದಮೊದಲು ಮರೆತು ಮಾತಾಡಲು ಹೋಗಿ, ತುಟಿಯಷ್ಟೇ ಆಡಿ, ಸುಮ್ಮನಾಗುತ್ತಿದ್ದ. ಕುರುಮಮ್ಮ ಅವನ ಕೈಸನ್ನೆಯನ್ನೆಲ್ಲ ಮಾತು ಮಾಡಿ ಹೇಳಲು ಕಲಿತಳು. ಆ ದಿನಗಳಲ್ಲಿ ಅವನು ಮಗನನ್ನು ಕಂಡಾಗಲೆಲ್ಲ ಕಿವಿಗೆ ಬೆರಳು ತೋರಿಸುತ್ತಿದ್ದ. ಕೇಳಸ್ತೀನಿ ಯಪ್ಪಾ, ಗಾಯ ಮಾಯಲಿ, ಎನ್ನುತ್ತಿದ್ದ ತಿರುಪತಿ.

ಅಪ್ಪ ಮನೆಗೆ ಬಂದ ಎಂಟನೆಯ ದಿನ ಅಖಿಲಾ ಫೋನು ಮಾಡಿದಳು. ಸಿನಿಮಾದ ಸದ್ದನ್ನೆಲ್ಲ ಕೂಡಿಸುವ ಮಿಕ್ಸಿಂಗ್‌ನವರು ಆ ಹಾಡನ್ನು ಒಪ್ಪುತ್ತಿಲ್ಲವಂತೆ. ಮೆಷಿನ್ನು ಹಾಡಿದ ಹಾಗಿದೆ, ಮನುಷ್ಯ ಹಾಡಿದ್ದು ಕಳಿಸಿ ಎಂದರಂತೆ. ಅಣ್ಣಾ, ನೀವು ಮೊದಲು ಕೇಳಿಸಿದಿರಲ್ಲ, ಜಾರುತ್ತಿತ್ತಲ್ಲ, ಅದನ್ನೇ ಕಳಿಸಿಬಿಡಿ, ತಪ್ಪು ನನ್ನದೇ ಎಂದಳು.

ತಿರುಪತಿ ಫೋಲ್ಡರು ತೆರೆದ. ಹದಿನಾರು ಫೈಲು ಸಾಲಾಗಿ ಕುಳಿತಿದ್ದವು. ಒಂದನ್ನು ಹಚ್ಚಿದ, ಒಪ್ಪ ಮಾಡಿದ್ದು. ಇನ್ನೊಂದು, ಅದೂ ಅದೇ. ಹದಿನಾರನ್ನೂ ಹಚ್ಚಿದ. ಮೊದಲಿನದು ಬೇರೆ ಎಲ್ಲೂ ಇರಲಿಲ್ಲ. ಮುಟ್ಟದೆ ಉಳಿದದ್ದು ಮೊಗುಲಪ್ಪನ ಡೊಳ್ಳು ಒಂದೇ. ಅದನ್ನು ಹಾಡಿನ ಜೊತೆ ಕೂಡಿಸಿ ಹಚ್ಚಿದಾಗ, ಜನ್ಮದಲ್ಲಿ ಮೊದಲ ಸಲ ಅವನಿಗೆ ಕೇಳಿಸಿತು. ಡೊಳ್ಳು ಇಳಿದು ಇಳಿದು ಹೋಗುತ್ತಿದೆ, ದನಿ ಮಾತ್ರ ನೆಟ್ಟ ಕಂಬದ ಹಾಗೆ ಅಲ್ಲೇ ನಿಂತಿದೆ. ಅಪ್ಪ ಹಾಗೆ ನಿಲ್ಲುವವನಲ್ಲ. ಗೆಳೆಯನನ್ನು ಬಿಟ್ಟು ಮೇಲೆ ನಿಲ್ಲುವವನೇ ಅಲ್ಲ.

ಲ್ಯಾಪ್‌ಟಾಪು ಬಗಲಲ್ಲಿ ಹಿಡಿದು ನಾರಾಯಣಪೇಟೆಗೆ ಹೋದ. ಅಲ್ಲಿ ಆಂಜನೇಯುಲು ಎಂಬವನು ಕೆಟ್ಟ ಕಂಪ್ಯೂಟರಿನಿಂದ ಕಳೆದ ಫೈಲು ತೆಗೆದುಕೊಡುವುದರಲ್ಲಿ ಹೆಸರಾದವನು. ಎರಡು ದಿನ ಇಟ್ಟುಕೊಂಡ. ಮೂರನೆಯ ದಿನ ತಿರುಪತಿ ಹೋದಾಗ, ಮೊದಲು ಕುರ್ಚಿ ಎಳೆದು ಕೂರಿಸಿದ. ಆಗಲೇ ಗೊತ್ತಾಯಿತು.

"ಅಳಿಸಿದ್ರ ತಗೀತಿದ್ದೆ ಅಣ್ಣ. ನೀ ಅಳಿಸಿಲ್ಲ, ಅದರ ಮ್ಯಾಲ ಬರದೀ. ಕೆಳಗ ಏನೂ ಉಳಿದಿಲ್ಲ."

"ಒಂದರೆ? ಒಂದು ಸಾಲರೆ?"

"ಒಂದು ಸಾಲೂ ಇಲ್ಲ. ಕೇಳೈತಲ್ಲ ಅದು, ಹೌದೇನು ಅಂತ. ಯಾಕ ಒತ್ತಿದಿ?"

ತಿರುಪತಿ ಲ್ಯಾಪ್‌ಟಾಪು ಎತ್ತಿಕೊಂಡು ಎದ್ದ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅತ್ತ. ಮಕ್ತಲ್ ಬಂದರೂ ಇಳಿಯಲು ಮನಸ್ಸಾಗಲಿಲ್ಲ. ದವಾಖಾನೆಯ ಕತ್ತಿ ಗಂಟಲನ್ನಷ್ಟೇ ಕೊಯ್ದಿತ್ತು, ದನಿಯನ್ನು ಕೊಯ್ದವನು ತಾನು. ಅದೂ ಯಾರೂ ಹೇಳದೆ, ಯಾರೂ ಕೇಳದೆ. ಇಳಿದು ಅಖಿಲಾಗೆ ಫೋನು ಮಾಡಿ, ಹಾಡು ಇಲ್ಲ, ಹೋಯಿತು ಎಂದ. ಅವಳು, ಪರವಾಗಿಲ್ಲ ಅಣ್ಣಾ, ಆ ಜಾಗಕ್ಕೆ ಕೊಳಲು ಹಾಕಿ ಎಂದಳು. ಹಾಕಿದ. ಎರಡು ನಿಮಿಷದ ಕೊಳಲು, ಅರ್ಧ ತಾಸಿನ ಕೆಲಸ.

ಊರೆಲ್ಲ ತಿರುಗಿ ವಿಚಾರಿಸಿದ. ಗುಡಿಯ ಮುಂದಿನ ಹಾಡು ಯಾರ ಫೋನಿನಲ್ಲಾದರೂ ಇದೆಯೇ ಎಂದು ಕಳ್ಳನ ಹಾಗೆ ಒಬ್ಬೊಬ್ಬರನ್ನೂ ಮೂಲೆಗೆ ಕರೆದು ಕೇಳಿದ. ಬೀರಲಿಂಗಪ್ಪ ಬ್ಯಾಡ ಅಂದಿದ್ದ, ಯಾರು ತಗೀತಾರ, ಎಂದರು ಎಲ್ಲರೂ. ಅಷ್ಟು ಮಾತು ಕೇಳುವ ಊರು ಅದು.

ಇನ್ನು ಮುಂದೂಡಲು ನೆಪ ಉಳಿಯಲಿಲ್ಲ. ಗಾಯ ಮಾಯ್ದಿತ್ತು. ಸೋಮವಾರ ಮಧ್ಯಾಹ್ನ ಲ್ಯಾಪ್‌ಟಾಪು, ಒಂದು ಸ್ಪೀಕರು ತಂದು ಪಡಸಾಲೆಯಲ್ಲಿ ಇಟ್ಟ. ಅಪ್ಪ ತಿಳಿಯಲಾರ, ತಿಳಿಯದೆಯೇ ಸಂತೋಷಪಟ್ಟಾನು ಎಂಬ ಒಂದು ಹೇಡಿ ಆಸೆ ಇತ್ತು ಅವನಿಗೆ. ಬೀರಲಿಂಗಪ್ಪ ಆಗಲೇ ಸ್ನಾನ ಮಾಡಿ, ಭಂಡಾರ ಹಚ್ಚಿಕೊಂಡು, ಒಗೆದ ಧೋತರ ಉಟ್ಟು ಕುಳಿತಿದ್ದ. ಪಕ್ಕದಲ್ಲಿ ಕುರುಮಮ್ಮ.

ತಿರುಪತಿ ಹಚ್ಚಿದ. ಮೊದಲು ಡೊಳ್ಳು ಬಂತು. ಮುದುಕನ ಮುಖ ಅರಳಿತು, ಮೊಣಕಾಲಿನ ಮೇಲೆ ಬೆರಳು ತಾಳ ಹಾಕತೊಡಗಿತು. ಆಮೇಲೆ ದನಿ ಬಂತು. ಬೀರಲಿಂಗಪ್ಪ ತಲೆ ಓರೆ ಮಾಡಿ ಕೇಳಿದ. ಒಂದು ನುಡಿ ಮುಗಿಯಿತು, ಇನ್ನೊಂದು ಮುಗಿಯಿತು. ಹತ್ತು ನಿಮಿಷ ತಾಳ್ಮೆಯಿಂದ ಕೇಳಿ, ಹೆಂಡತಿಯ ಕಡೆ ತಿರುಗಿ ಅಂಗೈ ಮೇಲೆ ಮಾಡಿ ಹುಬ್ಬು ಹಾರಿಸಿದ.

"ಯಾರು ಹಾಡ್ಯಾರ ಅಂತ ಕೇಳಾಕತ್ಯಾನ" ಎಂದಳು ಕುರುಮಮ್ಮ. "ನನಗೂ ಗುರ್ತು ಹತ್ತವಲ್ದಪಾ. ಯಾವುದೋ ಹುಡುಗನ ದನಿ ಇದ್ದಂಗೈತಿ."

ಐವತ್ತು ವರ್ಷ ಆ ದನಿಯ ಜೊತೆ ಬಾಳಿದವಳು. ನೀನೇ ಯಪ್ಪಾ ಎನ್ನಬೇಕಿತ್ತು ತಿರುಪತಿ, ಎನ್ನಲಾಗಲಿಲ್ಲ.

"ಹೈದರಾಬಾದಿನಾಂವ ಒಬ್ಬ" ಎಂದ. "ಕಲ್ತಾನ."

ಬೀರಲಿಂಗಪ್ಪನಿಗೆ ಖುಷಿಯಾಯಿತು. ನಮ್ಮ ಪದ ಅಲ್ಲಿತನಕ ಹೋಯಿತೇ ಎಂದು ಕಣ್ಣು ಅಗಲ ಮಾಡಿದ. ಹುಡುಗ ಚೆನ್ನಾಗಿ ಹಾಡುತ್ತಾನೆ ಎಂದು ಕೈಯಾಡಿಸಿದ. ಆದರೆ ಒಂದು ಕೊರತೆ ಎಂಬಂತೆ ಅಂಗೈಯನ್ನು ಮೆಲ್ಲಗೆ ಕೆಳಗೆ ಜಾರಿಸಿ ತೋರಿಸಿ, ಅದು ಬಂದಿಲ್ಲ ಎಂದು ತಲೆಯಾಡಿಸಿ, ಸದ್ದಿಲ್ಲದೆ ನಕ್ಕ. ನಿಧಾನಕ್ಕೆ ಬಂದೀತು ಬಿಡು ಎಂದು ಬೆನ್ನು ತಟ್ಟುವ ಸನ್ನೆ ಮಾಡಿದ.

ಆಮೇಲೆ ಸ್ಪೀಕರು ನಿಲ್ಲಿಸುವಂತೆ ಕೈ ತೋರಿಸಿದ. ತಿರುಪತಿ ನಿಲ್ಲಿಸಿದ. ಮುದುಕ ತನ್ನ ಎದೆಯನ್ನು ಎರಡು ಸಲ ತಟ್ಟಿಕೊಂಡು, ಲ್ಯಾಪ್‌ಟಾಪಿನ ಕಡೆ ಬೆರಳು ಮಾಡಿದ.

"ಅದು ಆತಂತ" ಎಂದಳು ಕುರುಮಮ್ಮ, ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗುತ್ತ. "ಈಗ ನಂದು ಹಚ್ಚು ಅನ್ನಾಕತ್ಯಾನ."

ಬೀರಲಿಂಗಪ್ಪ ಕಣ್ಣು ಮುಚ್ಚಿ, ಕೇಳಲು ಕುಳಿತ.